ಗೀರು ಎಲ್ಲಿ ಬೀಳಬೇಕು? ಒರಟು ಕುಂಚಾಕ್ಷರಗಳ ಒಂದು ವಿಮರ್ಶೆ

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಅಮೆರಿಕದ ಕನ್ನಡ ಸಂಘಗಳು ಹೊರತಂದಿರುವ ಕರಪತ್ರ, ಪೋಸ್ಟರ್, ಟೀ ಶರ್ಟುಗಳನ್ನು ಒಂದೆಡೆ ಹರಡಿ ನೋಡಿದರೆ ಒಂದು ಬಗೆಯ ಅಕ್ಷರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದಪ್ಪ ಕುಂಚವನ್ನು ಬಣ್ಣದಲ್ಲಿ ಅದ್ದಿ ಒಂದೇ ಉಸಿರಿಗೆ ಎಳೆದಂತಿರುವ, ಅಂಚು ಹರಿದ, ಮೈಮೇಲೆಲ್ಲ ಬಿಳಿ ಗೀರುಗಳಿರುವ ಅಕ್ಷರ. ರಾಜ್ಯೋತ್ಸವಕ್ಕೂ ಅದೇ, ನಾಟಕಕ್ಕೂ ಅದೇ, ಬೇಸಿಗೆಯ ಕ್ರಿಕೆಟ್ ಪಂದ್ಯಾವಳಿಗೂ ಅದೇ. ವಿನ್ಯಾಸಕಾರರ ಬಾಯಲ್ಲಿ ಇದು ಡಿಸ್ಟ್ರೆಸ್ಡ್ ಬ್ರಷ್ ಫಾಂಟ್. ಈ ಲೇಖನದಲ್ಲಿ ನಾನು ಇದನ್ನು ಒರಟು ಕುಂಚಾಕ್ಷರ ಎಂದು ಕರೆಯುತ್ತೇನೆ. ಪುಟಗಟ್ಟಲೆ ಓದುವುದಕ್ಕಲ್ಲ, ಶೀರ್ಷಿಕೆಗೆಂದೇ ಮಾಡಿದ ಅಕ್ಷರ ಇದು. ದೂರದಿಂದ ಕೂಗಿ ಕರೆಯುವುದು ಇದರ ಕೆಲಸ.

ನಮ್ಮ ಸಂಘದ ಪ್ರಕಟಣೆಗಳ ವಿನ್ಯಾಸದಲ್ಲಿ ವರ್ಷಗಳಿಂದ ಕೈಯಾಡಿಸುತ್ತ ಬಂದಿರುವ ನನಗೆ ಈ ಅಕ್ಷರದ ಮೇಲೆ ಹಗೆಯೇನೂ ಇಲ್ಲ. ಚೆನ್ನಾಗಿ ಮಾಡಿದ್ದಾಗ ಅದರಲ್ಲೊಂದು ಬಿಸಿ ಇರುತ್ತದೆ. ಯಾರೋ ಈಗಷ್ಟೇ ಬರೆದು ಎದ್ದುಹೋದಂತೆ ಕಾಣುತ್ತದೆ. ಆದರೆ ಲ್ಯಾಟಿನ್ ಲಿಪಿಗೆಂದು ಹುಟ್ಟಿದ ಈ ಒರಟುತನವನ್ನು ಕನ್ನಡದ ಮೇಲೆ ಹಾಗೆಯೇ ಹೊದಿಸಿದಾಗ ಆಗುವುದು ಬೇರೆಯೇ. ಇಂಗ್ಲಿಷಿನಲ್ಲಿ ಗೀರು ಬರಿಯ ಅಲಂಕಾರ. ಕನ್ನಡದಲ್ಲಿ ಅದು ಕಾಗುಣಿತದೊಳಕ್ಕೇ ಕೈಹಾಕುತ್ತದೆ. ಇದನ್ನು ತೋರಿಸುವುದಕ್ಕೆ ಮೊದಲು, ನಿಜವಾದ ಗೀರು ಹುಟ್ಟುವುದು ಹೇಗೆ ಎಂಬುದನ್ನು ನೋಡಬೇಕು.

ಕುಂಚದಲ್ಲಿ ಬಣ್ಣ ತುಂಬಿದ್ದಾಗ ಹೊಡೆತದ ಆರಂಭ ತುಂಬಿಕೊಂಡಿರುತ್ತದೆ. ಕೈ ಮುಂದೆ ಸಾಗಿದಂತೆ ಬಣ್ಣ ತೀರುತ್ತದೆ, ಕುಂಚದ ಕೂದಲು ಕವಲೊಡೆಯುತ್ತದೆ, ಕೂದಲು ಕವಲೊಡೆದ ಕಡೆ ಗೋಡೆ ಇಣುಕುತ್ತದೆ. ಹಾಗಾಗಿ ನಿಜವಾದ ಒಣಗೀರು ಯಾವಾಗಲೂ ಹೊಡೆತದ ದಿಕ್ಕಿನಲ್ಲೇ ಓಡುತ್ತದೆ ಮತ್ತು ಹೊಡೆತದ ಕೊನೆಯಲ್ಲಿ ಹೆಚ್ಚುತ್ತದೆ. ಗೋಡೆ ಒರಟಾಗಿದ್ದರೆ ಇನ್ನೊಂದು ಬಗೆಯ ಗುರುತು ಬೀಳುತ್ತದೆ: ಬಣ್ಣ ಗಾರೆಯ ಉಬ್ಬುಗಳಿಗೆ ಮಾತ್ರ ಹತ್ತಿ ತಗ್ಗುಗಳು ಖಾಲಿ ಉಳಿಯುತ್ತವೆ. ಮೂರನೆಯದು ಬಿಸಿಲು ಮಳೆಗಳ ಕೆಲಸ, ಚಕ್ಕೆ ಏಳುವುದು. ಇದು ಹೊಡೆತದ ದಿಕ್ಕನ್ನು ಕೇಳುವುದಿಲ್ಲ. ಕುಂಚ, ಗೋಡೆ, ಕಾಲ ಈ ಮೂವರ ಗುರುತುಗಳೂ ಬೇರೆಬೇರೆ. ಅಗ್ಗದ ಫಾಂಟುಗಳಲ್ಲಿ ಈ ಮೂರನ್ನೂ ಕಲಸಿಬಿಟ್ಟಿರುತ್ತಾರೆ. ನಯವಾದ ಅಕ್ಷರವೊಂದನ್ನು ಬರೆದು, ಅದರ ಮೇಲೆ ಯಾವುದೋ ಗೋಡೆಯ ಛಾಯಾಚಿತ್ರವನ್ನು ಜರಡಿಯಂತೆ ಒತ್ತಿ ತೆಗೆದಿರುತ್ತಾರೆ. ಅಡ್ಡಹೊಡೆತದ ಮೇಲೆ ಉದ್ದಗೀರು ಇದ್ದರೆ ಅದು ಕುಂಚ ಮುಟ್ಟದ ಕುಂಚಾಕ್ಷರ ಎಂದು ತಿಳಿಯಬಹುದು. ಫಾಂಟನ್ನು ಕೊಳ್ಳುವ ಮುಂಚೆ ನಾನು ಮೊದಲು ನೋಡುವುದು ಇದನ್ನೇ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಇಂಥ ಫಾಂಟುಗಳನ್ನು ಮಾರುವವರು, ಬಳಸುವವರು ಇಬ್ಬರೂ ಅವುಗಳಲ್ಲಿ ಹಳೆಯ ಬೋರ್ಡು ಬರೆಯುವವರ ಸೊಗಡು ಇದೆ ಎನ್ನುತ್ತಾರೆ. ನಾನು ಬೆಳೆದ ಊರಿನ ಬಸ್ ನಿಲ್ದಾಣದ ಹಿಂದೆ ಒಬ್ಬ ಪೇಂಟರ್ ಇದ್ದರು. ಸೀಮೆಸುಣ್ಣ ಸವರಿದ ದಾರವನ್ನು ತಗಡಿನ ಮೇಲೆ ಎಳೆದು ಚಿಮ್ಮಿಸಿ ಗೆರೆ ಹಾಕುವರು, ಕೈಗೆ ಆಸರೆಯಾಗಿ ಒಂದು ಕೋಲು ಹಿಡಿಯುವರು, ಎನಾಮೆಲ್ ಬಣ್ಣವನ್ನು ಹದ ಮಾಡಿ ಚಪ್ಪಟೆ ಕುಂಚದಲ್ಲಿ ಎಳೆಯುವರು. ಅಂಚು ಎಲ್ಲಾದರೂ ಒಂದಿಷ್ಟು ಅಲುಗಿದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯುವರು. ಅವರ ಹೆಮ್ಮೆಯೆಲ್ಲ ನಯದಲ್ಲಿ ಇತ್ತು. ಅಕ್ಷರಕ್ಕೊಂದು ನೆರಳು, ನೆರಳಿಗೊಂದು ಗೆರೆ. ಒರಟು ಎಂದರೆ ಅವರ ಪಾಲಿಗೆ ಕೆಟ್ಟ ಕೆಲಸ. ಹನೀಫ್ ಕುರೇಶಿ ಅವರು ಉತ್ತರ ಭಾರತದ ಬೀದಿ ಪೇಂಟರುಗಳ ಅಕ್ಷರಗಳನ್ನು ಅವರವರ ಹೆಸರಿನಲ್ಲೇ ಡಿಜಿಟಲ್ ಫಾಂಟುಗಳಾಗಿ ಉಳಿಸಿದ ಹ್ಯಾಂಡ್‌ಪೇಂಟೆಡ್ ಟೈಪ್ ಯೋಜನೆಯನ್ನು ನೋಡಿ. ‘ಪೇಂಟರ್ ಕಫೀಲ್’ ಮುಂತಾದ ಆ ಅಕ್ಷರಗಳಲ್ಲಿ ಬಣ್ಣ, ನೆರಳು, ಉಬ್ಬು ಎಲ್ಲ ಇವೆ, ಗೀರು ಇಲ್ಲ.

ಹಾಗಾದರೆ ಒರಟು ಎಲ್ಲಿಂದ ಬಂತು? ಅದು ಅಂಗಡಿಯ ಬೋರ್ಡಿನದಲ್ಲ, ಗೋಡೆಬರಹದ್ದು. ಚುನಾವಣೆಯ, ಚಳವಳಿಯ ಘೋಷಣೆಗಳನ್ನು ಬರೆಯುವವರಿಗೆ ಸಮಯ ಇರುತ್ತಿರಲಿಲ್ಲ. ಕರ್ನಾಟಕದಲ್ಲಿ ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯಿದೆ 1981ರಲ್ಲೇ ಬಂದಿದೆ. ರಾತ್ರಿಯಲ್ಲಿ, ಸುಣ್ಣ ಬಳಿಯುವ ಕುಂಚದಲ್ಲಿ, ನೀರು ಹೆಚ್ಚಾದ ಬಣ್ಣದಲ್ಲಿ ಬರೆದರೆ ಅಕ್ಷರ ಸೋರುತ್ತದೆ, ಒಣಗುತ್ತದೆ, ಹರಿಯುತ್ತದೆ. ಆ ಒರಟಿನಲ್ಲಿ ಅವಸರವಿತ್ತು, ಕೆಲವೊಮ್ಮೆ ಭಯವೂ ಇತ್ತು. ಆದ್ದರಿಂದ ಹೋಳಿಗೆ ಊಟದ ಆಮಂತ್ರಣಕ್ಕೆ ಒರಟು ಕುಂಚಾಕ್ಷರ ಹಾಕಿದರೆ ನನಗೆ ಅದು ಚಳವಳಿಯ ದನಿಯಲ್ಲಿ ಊಟಕ್ಕೆ ಕರೆದಂತೆ ಕೇಳುತ್ತದೆ.

ಕುಂಚದ ಅಕ್ಷರವನ್ನು ಅಚ್ಚಿನ ಮೊಳೆಗೆ ತರುವ ಆಸೆ ಪಶ್ಚಿಮದಲ್ಲಿ ಹಳೆಯದು. ಅಮೆರಿಕನ್ ಟೈಪ್ ಫೌಂಡರ್ಸ್‌ಗಾಗಿ ರಾಬರ್ಟ್ ಇ. ಸ್ಮಿತ್ 1942ರಲ್ಲಿ ಮಾಡಿದ ಬ್ರಷ್ ಸ್ಕ್ರಿಪ್ಟ್ ಇಂದಿಗೂ ಇಲ್ಲಿನ ಊಟದಂಗಡಿಗಳ ಹಲಗೆಗಳಲ್ಲಿದೆ. ಈ ಸಾಲಿನ ದೊಡ್ಡ ಪ್ರತಿಭೆ ಮಾತ್ರ ಫ್ರಾನ್ಸಿನ ರೋಜೆ ಎಕ್ಸ್‌ಕೊಫೊನ್. ಮಾರ್ಸೆಯ ಒಲಿವ್ ಫೌಂಡ್ರಿಗಾಗಿ ಅವರು 1951ರಲ್ಲಿ ಬಾಂಕೊ, 1953ರಲ್ಲಿ ಮಿಸ್ತ್ರಾಲ್, 1955ರಲ್ಲಿ ಶೋಕ್ ಅಕ್ಷರಗಳನ್ನು ಮಾಡಿದರು. ಮಿಸ್ತ್ರಾಲ್ ಎಂಬುದು ದಕ್ಷಿಣ ಫ್ರಾನ್ಸಿನಲ್ಲಿ ಬೀಸುವ ಗಾಳಿಯ ಹೆಸರು. ಅಕ್ಷರಕ್ಕೆ ಆಧಾರ ಅವರದೇ ಕೈಬರಹ. ಬಿಡಿಬಿಡಿ ಸೀಸದ ಮೊಳೆಗಳನ್ನು ಜೋಡಿಸಿದರೂ ಒಂದರ ಬಾಲ ಇನ್ನೊಂದರ ತಲೆಗೆ ಸರಿಯಾಗಿ ಕೂಡಿಕೊಳ್ಳುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. 2011ರ ‘ಡ್ರೈವ್’ ಚಿತ್ರದ ಗುಲಾಬಿ ಬಣ್ಣದ ಶೀರ್ಷಿಕೆಯಲ್ಲಿ ಅದನ್ನು ಕಂಡವರು ಅದಕ್ಕೆ ಅರುವತ್ತರ ಹತ್ತಿರದ ಪ್ರಾಯ ಎಂದು ಊಹಿಸಿರಲಾರರು. ಎಕ್ಸ್‌ಕೊಫೊನ್ ಒರಟನ್ನು ಎಷ್ಟು ಜಿಪುಣತನದಿಂದ ಬಳಸಿದ್ದಾರೆ ನೋಡಿ: ಅಂಚಿನಲ್ಲಿ ಒಂದಿಷ್ಟು ನಡುಕ, ಅಷ್ಟೆ. ಕೂದಲೆಳೆಯಷ್ಟು ಸಣ್ಣ ಗೀರನ್ನು ಸೀಸದಲ್ಲಿ ಕೆತ್ತಿದರೆ ಮಸಿ ತುಂಬಿ ಮುಚ್ಚಿಹೋಗುತ್ತದೆ. ಹಾಗಾಗಿ ವೇಗವನ್ನು ಗೀರಿನಿಂದಲ್ಲ, ಆಕಾರದಿಂದಲೇ ತೋರಿಸಬೇಕಾಗಿತ್ತು. ಆ ಕಟ್ಟುಪಾಡು ಅವರಿಗೆ ಒಳ್ಳೆಯದನ್ನೇ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಕಂಪ್ಯೂಟರ್ ಬಂದ ಮೇಲೆ ಆ ಕಟ್ಟು ಹರಿಯಿತು. ಡಚ್ ವಿನ್ಯಾಸಕಾರರಾದ ಯುಸ್ಟ್ ವಾನ್ ರೋಸಮ್ ಮತ್ತು ಎರಿಕ್ ವಾನ್ ಬ್ಲಾಕ್‌ಲ್ಯಾಂಡ್ ಅವರ ಬೇವುಲ್ಫ್ ಎಂಬ ಫಾಂಟಿನಲ್ಲಿ ಅಕ್ಷರದ ಅಂಚು ಪ್ರತಿ ಬಾರಿ ಮುದ್ರಿಸಿದಾಗಲೂ ಬೇರೆಯಾಗಿ ಒಡೆಯುತ್ತಿತ್ತು. ಒಂದೇ ಪುಟದ ಎರಡು ‘ಎ’ಗಳು ಒಂದೇ ತೆರ ಇರುತ್ತಿರಲಿಲ್ಲ. ಬ್ಲಾಕ್‌ಲ್ಯಾಂಡ್ ಅವರೇ 1991ರಲ್ಲಿ ಸವೆದ ಟೈಪ್‌ರೈಟರ್ ಅಕ್ಷರಗಳ ಟ್ರಿಕ್ಸಿಯನ್ನು ಹೊರತಂದರು. ‘ಎಕ್ಸ್ ಫೈಲ್ಸ್’ ಧಾರಾವಾಹಿಯ ಹೆಸರಿನಲ್ಲಿ ಅದು ಮನೆಮನೆಗೂ ತಲುಪಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2011ರಲ್ಲಿ 23 ಡಿಜಿಟಲ್ ಫಾಂಟುಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಬೇವುಲ್ಫ್ ಕೂಡ ಅದರಲ್ಲಿತ್ತು. ಅದನ್ನು ಮಾಡಿದವರಿಗೆ ಒಂದು ಮಾತು ಗೊತ್ತಿತ್ತು: ಸವೆತ ಎಂದೂ ತನ್ನನ್ನು ತಾನು ನಕಲು ಮಾಡುವುದಿಲ್ಲ.

ಆಮೇಲೆ ಬಂದ ಸಾವಿರಾರು ಒರಟು ಫಾಂಟುಗಳು ಮರೆತದ್ದು ಇದನ್ನೇ. ‘ಕಾಫಿ’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆಯಿರಿ: ಎರಡು ಎಫ್, ಎರಡು ಇ. ಅಗ್ಗದ ಫಾಂಟಿನಲ್ಲಿ ಎರಡು ಎಫ್‌ಗಳ ಸೊಂಟದಲ್ಲೂ ಅದೇ ಗಾಯ, ಎರಡು ಇ ಗಳ ತುದಿಯಲ್ಲೂ ಅದೇ ಹರಕು. ಒಮ್ಮೆ ಕಂಡರೆ ಮತ್ತೆ ಕಾಣದಿರಲು ಸಾಧ್ಯವಿಲ್ಲ. ಒಳ್ಳೆಯ ಫಾಂಟುಗಳಲ್ಲಿ ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪ ಬರೆದಿಟ್ಟು, ಅಕ್ಕಪಕ್ಕದಲ್ಲಿ ಒಂದೇ ರೂಪ ಬರದಂತೆ ಓಪನ್‌ಟೈಪ್ ಸೂತ್ರಗಳಲ್ಲಿ ಏರ್ಪಾಡು ಮಾಡಿರುತ್ತಾರೆ. ಇಂಗ್ಲಿಷಿನ ದೊಡ್ಡ ಸಣ್ಣ ಅಕ್ಷರಗಳೆರಡಕ್ಕೂ ಮೂರು ಮೂರು ರೂಪ ಎಂದರೆ 156 ಚಿತ್ರ. ಒಬ್ಬರು ಒಂದು ತಿಂಗಳು ಕೂತರೆ ಆಗುವ ಕೆಲಸ.

ಈಗ ಕನ್ನಡಕ್ಕೆ ಬರೋಣ. ನಮ್ಮ 34 ವ್ಯಂಜನಗಳಿಗೆ ಗುಣಿತಾಕ್ಷರ ಸೇರಿಸಿದರೆ ರೂಪಗಳು ನಾನೂರನ್ನು ದಾಟುತ್ತವೆ; ಒತ್ತಕ್ಷರಗಳು ಬೇರೆ. ಇದನ್ನೆಲ್ಲ ಮೂರು ಮೂರು ಬಾರಿ ಬರೆಯುವವರು ಯಾರು? ಆದ್ದರಿಂದ ತಲೆಕಟ್ಟು, ಗುಡಿಸು, ಕೊಂಬು, ಏತ್ವಗಳನ್ನು ಬಿಡಿಭಾಗಗಳಾಗಿ ಮಾಡಿ ಅಂಟಿಸುತ್ತಾರೆ. ನಯವಾದ ಅಕ್ಷರದಲ್ಲಿ ಇದು ಸರಿಯಾದ ಕ್ರಮವೇ. ಗೀರಿರುವ ಅಕ್ಷರದಲ್ಲಿ ಹೀಗೆ ಮಾಡಿದರೆ ಸಾಲಿನುದ್ದಕ್ಕೂ ಪ್ರತಿ ತಲೆಕಟ್ಟಿನ ಮೇಲೂ ಒಂದೇ ಜಾಗದಲ್ಲಿ ಒಂದೇ ಗೀರು ಬಂದು, ಸಾಲು ಮುದ್ರೆಯೊತ್ತಿದ ಸೀರೆಯಂಚಿನಂತೆ ಕಾಣುತ್ತದೆ. ಕನ್ನಡದಲ್ಲಿ ತಲೆಕಟ್ಟು ಎಷ್ಟು ಸಲ ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಇದು ಅಂದದ ಮಾತಾಯಿತು. ನನ್ನನ್ನು ಈ ಲೇಖನಕ್ಕೆ ಹಚ್ಚಿದ್ದು ಬೇರೊಂದು. ಭಾನುವಾರದ ನಮ್ಮ ಕನ್ನಡ ತರಗತಿಯ ಒಂಬತ್ತು ವರ್ಷದ ಹುಡುಗಿಯೊಬ್ಬಳು ಸಭಾಂಗಣದ ಬಾಗಿಲಲ್ಲಿ ಅಂಟಿಸಿದ್ದ ಪೋಸ್ಟರಿನ ಮುಂದೆ ನಿಂತು, “ಅಂಕಲ್, ಠಂಗೋತ್ಸವ ಅಂದ್ರೆ ಏನು?” ಎಂದು ಕೇಳಿದಳು. “ರಂಗೋತ್ಸವ ಕಣೇ” ಎಂದರು ಅವಳಮ್ಮ. “ಇಲ್ಲಮ್ಮಾ, ಒಳಗೆ ಚುಕ್ಕಿ ಇದೆ ನೋಡು.” ನಿಜ, ಇತ್ತು. ನೆರೆಯೂರಿನ ಸಂಘವೊಂದರ ಪೋಸ್ಟರ್ ಅದು. ಬಣ್ಣ ಸಿಡಿದಂತೆ ಕಾಣಲೆಂದು ವಿನ್ಯಾಸಕಾರರು ಚೆಲ್ಲಿದ್ದ ಹನಿಗಳಲ್ಲಿ ಒಂದು ಸರಿಯಾಗಿ ‘ರ’ದ ನಡುವಿಗೆ ಬಿದ್ದಿತ್ತು. ರ ದೊಳಗೆ ಚುಕ್ಕಿ ಬಿದ್ದರೆ ಅದು ಠ. ಕನ್ನಡದ ಗಂಧವೇ ಇಲ್ಲದ ಲಕ್ಷಾಂತರ ಜನ ಆ ಅಕ್ಷರವನ್ನು ‘ಠ_ಠ’ ಎಂದು ಬರೆದು ಹುಬ್ಬು ಬಿಗಿದ ಕಣ್ಣುಗಳನ್ನಾಗಿ ಮಾಡಿಕೊಂಡಿದ್ದಾರೆ. ಹುಬ್ಬು ಎಂದರೆ ನಮ್ಮ ತಲೆಕಟ್ಟು, ಕಣ್ಣುಗುಡ್ಡೆ ಎಂದರೆ ಆ ಚುಕ್ಕಿ. ಚುಕ್ಕಿಯ ಬೆಲೆ ಅವರಿಗೂ ಗೊತ್ತು.

ದೊಡ್ಡವರಾದ ನಾವು ಅಕ್ಷರ ಓದುವುದಿಲ್ಲ, ಪದ ಊಹಿಸುತ್ತೇವೆ. ಹೊರನಾಡಿನಲ್ಲಿ ಹುಟ್ಟಿದ ಮಕ್ಕಳು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಅವರ ಬೀದಿಯಲ್ಲಿ ಕನ್ನಡದ ಬೋರ್ಡಿಲ್ಲ, ಬಸ್ಸಿನ ಮೇಲೆ ಕನ್ನಡವಿಲ್ಲ. ಪಠ್ಯಪುಸ್ತಕದ ಆಚೆಗೆ ಅವರು ದೊಡ್ಡದಾಗಿ ನೋಡುವ ಕನ್ನಡವೆಂದರೆ ನಮ್ಮ ಪೋಸ್ಟರುಗಳೇ. ಅಲ್ಲಿ ಅಕ್ಷರವೇ ಅದಲುಬದಲಾದರೆ ಆ ಮಗು ಕಲಿತದ್ದನ್ನೇ ಅನುಮಾನಿಸಬೇಕಾಗುತ್ತದೆ.

ಕನ್ನಡ ಲಿಪಿಯ ಸ್ವಭಾವವೇ ಇಲ್ಲಿ ಕಾರಣ. ಇಂಗ್ಲಿಷಿನ ಬಹುಪಾಲು ಅಕ್ಷರಗಳು ಅಸ್ಥಿಪಂಜರದಲ್ಲೇ ಬೇರೆಬೇರೆ. ಎಸ್ ಅನ್ನು ಅರ್ಧ ಅಳಿಸಿದರೂ ಅದು ಎಸ್. ನಮ್ಮಲ್ಲಿ ಎಷ್ಟೋ ಅಕ್ಷರಗಳ ಮೈ ಒಂದೇ, ವ್ಯತ್ಯಾಸವಿರುವುದು ಒಂದು ಚುಕ್ಕಿಯಲ್ಲಿ, ಒಂದು ಸೀಳಿನಲ್ಲಿ. ಬ ದ ಕೆಳಗೆ ಪುಟ್ಟ ಗೆರೆಯೊಂದು ಇಳಿದರೆ ಭ. ದ ಕ್ಕೆ ಇಳಿದರೆ ಧ. ಡ ಕ್ಕೆ ಇಳಿದರೆ ಢ. ಪ ಕ್ಕೆ ಇಳಿದರೆ ಫ. ಪ ದ ಹೊಟ್ಟೆಯಲ್ಲಿ ಓರೆಗೆರೆ ಎಳೆದರೆ ‘ಹೊಟ್ಟೆ ಸೀಳಿದ ಷ’ ಎಂದು ನಮ್ಮ ಮೇಷ್ಟ್ರು ಹೇಳಿಕೊಡುತ್ತಿದ್ದರು. ಒರಟು ಕುಂಚಾಕ್ಷರದ ಸಾಮಗ್ರಿಯೂ ಇವೇ ಅಲ್ಲವೇ? ಸೋರಿದ ಹನಿ, ಓರೆಯಾದ ಗೀರು, ಸಿಡಿದ ಚುಕ್ಕಿ. ಬ ದ ತಳದಿಂದ ಬಣ್ಣ ಸೋರಿದರೆ ಬಾನು ಭಾನುವಾಗುತ್ತದೆ, ಆಕಾಶ ಸೂರ್ಯನಾಗುತ್ತದೆ. ಧ ದ ಬುಡವನ್ನು ಗೀರು ತಿಂದರೆ ಧನ ಹೋಗಿ ದನ ಉಳಿಯುತ್ತದೆ. ಅಕ್ಷರ ದಪ್ಪವಾದಷ್ಟೂ ಒಳಗಿನ ಬಯಲು ಕಿರಿದಾಗುವುದರಿಂದ ಇದು ಇನ್ನೂ ಬಿಗಡಾಯಿಸುತ್ತದೆ.

ಮಹಾಪ್ರಾಣವೇ ಬೇಡ ಎನ್ನುವವರು ನಮ್ಮಲ್ಲಿದ್ದಾರೆ, ಡಿ.ಎನ್. ಶಂಕರ ಭಟ್ಟರು ತಮ್ಮ ಹೊಸಬರಹದಲ್ಲಿ ಅದನ್ನು ಕೈಬಿಟ್ಟರು. ಅದನ್ನು ಒಪ್ಪಬಹುದು, ಬಿಡಬಹುದು. ಅದರ ಹಿಂದೆ ಒಬ್ಬ ಭಾಷಾವಿಜ್ಞಾನಿಯ ವಾದವಿದೆ. ಯಾವುದೋ ದೇಶದ ಗೋಡೆಯ ಛಾಯಾಚಿತ್ರ ನಮ್ಮ ಕಾಗುಣಿತವನ್ನು ತಿದ್ದುವುದನ್ನು ಮಾತ್ರ ನಾನು ಒಪ್ಪಲಾರೆ.

ಕನ್ನಡದಲ್ಲಿ ಯೂನಿಕೋಡ್ ಶೀರ್ಷಿಕೆ ಫಾಂಟುಗಳು ಇರುವುದೇ ಕಡಿಮೆ. ಏಕ್ ಟೈಪ್ ಬಳಗದ ‘ಬಾಲೂ ತಮ್ಮ’ ದಪ್ಪಗೆ, ದುಂಡಗೆ, ಸ್ನೇಹದಿಂದಿದೆ. ಮಕ್ಕಳ ಕಾರ್ಯಕ್ರಮಕ್ಕೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನ್ನಡಕ’ದಲ್ಲಿ ಕೈಬರಹದ ಲಹರಿ ಇದೆ, ಅದರ ತೆಲುಗು ಜೋಡಿಯೂ ಇದೆ. ಇವೆರಡೂ ಒರಟಲ್ಲ. ಒರಟು ಬೇಕೆನ್ನುವವರು ನುಡಿಯದೋ ಬರಹದ್ದೋ ದಪ್ಪ ಅಕ್ಷರ ತೆಗೆದುಕೊಂಡು ಅದರ ಮೇಲೆ ತಾವೇ ಗೀರು ಎಳೆಯುತ್ತಾರೆ. ಹಿಂದೆ ವಿನ್ಯಾಸದ ತಂತ್ರಾಂಶಗಳು ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ. ಆ ಕಾಲದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಫಲವಾಗಿ ಪೋಸ್ಟರಿನ ಮೇಲುಸಾಲಿನ ಇಂಗ್ಲಿಷ್ ನಿಜವಾದ ಕುಂಚದ್ದು, ಕೆಳಸಾಲಿನ ಕನ್ನಡ ಅಚ್ಚಿನ ಅಕ್ಷರಕ್ಕೆ ಮಣ್ಣು ಮೆತ್ತಿದ್ದು. ಎರಡೂ ಒಂದೇ ಕೈ ಬರೆದದ್ದು ಎಂದು ಯಾರೂ ನಂಬುವುದಿಲ್ಲ.

ಅಂದಹಾಗೆ, ಹೊರನಾಡಿನಲ್ಲಿ ಕುಂಚಾಕ್ಷರಕ್ಕೆ ಇನ್ನೊಂದು ಕಥೆಯೂ ಇದೆ. ಅಮೆರಿಕದ ಚೀನೀ ಊಟದಂಗಡಿಗಳ ಮೇಲೆ ಕಾಣುವ, ಕುಂಚದ ಹೊಡೆತಗಳನ್ನು ಬೆಣೆಗಳಂತೆ ಜೋಡಿಸಿದ ಇಂಗ್ಲಿಷ್ ಅಕ್ಷರ ಚೀನೀಯರು ಮಾಡಿದ್ದಲ್ಲ. ಅದರ ಮೂಲ 1883ರಲ್ಲಿ ಕ್ಲೀವ್‌ಲ್ಯಾಂಡಿನ ಫೌಂಡ್ರಿಯೊಂದು ‘ಚೈನೀಸ್’ ಎಂಬ ಹೆಸರಿನಲ್ಲಿ ಹೊರತಂದ ಮೊಳೆಗಳು. ನಮ್ಮ ಪಾಲಿಗೆ ಬಂದಿರುವುದು ‘ಸಮರ್ಕನ್’: ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ನಾಗರಿಯ ಶಿರೋರೇಖೆ ಎಳೆದ ಫಾಂಟ್. ಯೋಗ ಶಾಲೆಗೂ ಅದೇ, ಬಿರಿಯಾನಿಗೂ ಅದೇ. ಶಿರೋರೇಖೆಯೇ ಇಲ್ಲದ ಲಿಪಿಯ ನಾವೂ ಅದನ್ನು ನಮ್ಮ ಕಾರ್ಯಕ್ರಮಗಳಿಗೆ ಹಾಕಿಕೊಳ್ಳುವುದು ನೋಡಿದರೆ ನಗು ಬರುತ್ತದೆ.

ಬಳಕೆಯ ವಿಷಯದಲ್ಲಿ ನನ್ನ ಅನುಭವವನ್ನಷ್ಟೇ ಹೇಳುತ್ತೇನೆ. ಒರಟು ಕುಂಚಾಕ್ಷರ ಒಂದೆರಡು ಪದಗಳಿಗೆ ಸಾಕು. ದಿನಾಂಕ, ವಿಳಾಸ, ಜನರ ಹೆಸರುಗಳಿಗೆ ಅದನ್ನು ಹಾಕಬಾರದು, ಶ್ರದ್ಧಾಂಜಲಿಗಂತೂ ಸಲ್ಲದು. ಟೀ ಶರ್ಟಿನ ಪರದೆ ಮುದ್ರಣದಲ್ಲಿ ಸಣ್ಣ ಗೀರುಗಳು ಮುಚ್ಚಿಹೋಗುತ್ತವೆ, ದೊಡ್ಡವು ಮಾತ್ರ ಉಳಿಯುತ್ತವೆ. ಅಲ್ಲಿ ಈ ಒರಟು ಮುದ್ರಣದ ಕೊರತೆಯನ್ನೂ ಮರೆಮಾಡುವುದರಿಂದ ಹೊಂದಿಕೊಳ್ಳುತ್ತದೆ. ವಿನೈಲ್ ಕತ್ತರಿಸುವ ಯಂತ್ರಕ್ಕೆ ಮಾತ್ರ ಕೊಡಬೇಡಿ. ಪ್ರತಿ ಗೀರೂ ಒಂದು ಕತ್ತರಿಗೆರೆಯಾಗಿ, ಆ ಚೂರುಗಳನ್ನು ಚಿಮಟದಲ್ಲಿ ಒಂದೊಂದಾಗಿ ಕೀಳುತ್ತ ಸ್ವಯಂಸೇವಕರು ಬೆಳಗು ಮಾಡಬೇಕಾಗುತ್ತದೆ. ಫೋನಿನ ಪರದೆಯಲ್ಲಿ ಪೋಸ್ಟರ್ ಹೆಬ್ಬೆಟ್ಟಿನಷ್ಟಾದಾಗ ಗೀರುಗಳೆಲ್ಲ ಸೇರಿ ಬೂದಿಯಾಗುತ್ತವೆ. ಈಗ ಎಲ್ಲರೂ ಪೋಸ್ಟರ್ ನೋಡುವುದೇ ಅಲ್ಲಿ.

ನಮ್ಮ ಸಂಘದಲ್ಲಿ ಈಚೆಗೆ ನಾಟಕದ ಶೀರ್ಷಿಕೆಗಳನ್ನು ಕೈಯಲ್ಲೇ ಬರೆಸುತ್ತಿದ್ದೇವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವೇ 1843ರಲ್ಲಿ ಕೈಬರಹವನ್ನು ಕಲ್ಲಚ್ಚಿಗೆ ಇಳಿಸಿ ಬಂದದ್ದು, ಹಾಗಾಗಿ ಇದೇನು ಹೊಸತಲ್ಲ. ದಪ್ಪ ಡ್ರಾಯಿಂಗ್ ಕಾಗದ, ಎರಡಂಗುಲದ ಚಪ್ಪಟೆ ಕುಂಚ, ಕಪ್ಪು ಪೋಸ್ಟರ್ ಬಣ್ಣ; ಮೂವತ್ತು ಸಲ ಬರೆದು ಒಂದನ್ನು ಆರಿಸಿ ಸ್ಕ್ಯಾನ್ ಮಾಡುತ್ತೇವೆ. ಬರೆಯುವವರು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ಮಗಳ ಮನೆಗೆಂದು ಬಂದು ಇಲ್ಲೇ ಉಳಿದವರು. ಒಣಗೀರನ್ನು ಎಲ್ಲಿ ಬಿಡಬೇಕು ಎಂದು ಯಾರೂ ಅವರಿಗೆ ಹೇಳಿಕೊಡಲಿಲ್ಲ. ತಲೆಕಟ್ಟಿನ ಬಲತುದಿಯಲ್ಲಿ, ದೀರ್ಘದ ಬಾಲದಲ್ಲಿ, ಏತ್ವದ ಕೊನೆಯಲ್ಲಿ ಕುಂಚವನ್ನು ಒಣಗಲು ಬಿಡುತ್ತಾರೆ. ಅಕ್ಷರದ ಹೊಟ್ಟೆಗೂ ತಳಕ್ಕೂ ಬರುವಾಗ ಮತ್ತೆ ಬಣ್ಣ ಅದ್ದುತ್ತಾರೆ. ಹೀಗೆ ಬರೆದ ಹತ್ತಾರು ಶೀರ್ಷಿಕೆಗಳನ್ನು ಜೋಡಿಸಿ ನೋಡಿದ ಮೇಲೆ, ಕನ್ನಡದ ಒರಟು ಫಾಂಟ್ ಮಾಡಹೊರಟವರಿಗೆ ಬೇಕಾದ ನಕ್ಷೆ ಇದೇ ಎಂದು ನನಗನ್ನಿಸಿದೆ: ತಲೆ ಮತ್ತು ಬಾಲಗಳಲ್ಲಿ ಮೂರು ನಾಲ್ಕು ಬಗೆಯ ಗೀರು, ಹೊಟ್ಟೆ ಮತ್ತು ತಳದಲ್ಲಿ ಒಂದೂ ಇಲ್ಲ. ಆಗ ನಾನೂರು ರೂಪಗಳನ್ನೂ ಮೂರು ಸಲ ಬರೆಯಬೇಕಾಗಿಲ್ಲ, ಬಿಡಿಭಾಗಗಳನ್ನಷ್ಟೇ ಬರೆದರೆ ಸಾಕು.

ಈ ನಕ್ಷೆಗೆ ಇನ್ನೂ ಒಗ್ಗದಿರುವ ಅಕ್ಷರ ಥ. ಅದಕ್ಕೆ ಒಳಗೆ ಚುಕ್ಕಿಯೂ ಬೇಕು, ಕೆಳಗೆ ಸೀಳೂ ಬೇಕು. ಎರಡಂಗುಲದ ಕುಂಚದಲ್ಲಿ ಬರೆದರೆ ಚುಕ್ಕಿ ಉಬ್ಬಿ ಗೋಡೆಗೆ ತಾಗುತ್ತದೆ. ಚುಕ್ಕಿಗೆಂದು ಸಣ್ಣ ಕುಂಚ ಹಿಡಿದರೆ ಅದೊಂದೇ ಬೇರೆಯವರು ಇಟ್ಟಂತೆ ಕಾಣುತ್ತದೆ. ಕಳೆದ ವರ್ಷದ ನಾಟಕದ ಹೆಸರಿನಲ್ಲಿ ‘ಕಥೆ’ ಎಂಬ ಪದವಿತ್ತು. ಮೇಡಂ ಒಟ್ಟು ನಲವತ್ತೊಂದು ಹಾಳೆ ಬರೆದರು. ಕೊನೆಗೆ ಕುಂಚ ಬಿಟ್ಟು, ಥ ದ ಒಳಗಿನ ಚುಕ್ಕಿಯನ್ನು ಬೆರಳ ತುದಿಯಲ್ಲಿ ಒತ್ತಿದರು.